ಬೀಗದೊಳಗೊಂದು ಸಭೆ

ಹತ್ತು ವರ್ಷಕ್ಕೂ ಹಿಂದೆ ನಾನು ಯಳಂದೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾಗಿದ್ದೆ. ನೀರು, ಚರಂಡಿ, ಬೀದಿದೀಪ, ಯಾವುದು ಕೆಟ್ಟರೂ ಜನ ಮೊದಲು ಬರುವುದು ನಮ್ಮ ಬಳಿಗೆ. ಹೋದ ತಿಂಗಳು ತೀರಿಕೊಂಡ ನಂಜುಂಡಪ್ಪನವರು ಆಗ ಜಿಲ್ಲಾ ಪಂಚಾಯಿತಿ ಸದಸ್ಯರು. ಹಕ್ಕಿಗಳ ಪರ ಮಾತಾಡಿ ಮತ ಕಳೆದುಕೊಳ್ಳುತ್ತಾರೆಂದು ಅವರ ಪಕ್ಷದವರೇ ನಗುತ್ತಿದ್ದರು. ಕೌಜುಗದ ಹಕ್ಕಿಗೆ ಬಲೆ ಹಾಕಿ ಸಿಕ್ಕಿಬಿದ್ದವರು ಸ್ವಂತ ಬೆಂಬಲಿಗರಾದರೂ ಅವರು ಬಿಡಿಸಿಕೊಂಡು ಬರುತ್ತಿರಲಿಲ್ಲ.

ಊರೊಳಗಿನ ಹುಣಸೆಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟಿದ್ದವು. ಕೆಳಗಿನ ಮನೆಗಳ ಮೇಲೆಲ್ಲ ಹಿಕ್ಕೆ, ಕೊಳೆತ ಮೀನಿನ ನಾತ. ಮರ ಕಡಿಸಬೇಕೆಂದು ಊರವರು ಹಟ ಹಿಡಿದರು. ಗೂಡಿನಲ್ಲಿ ರೆಕ್ಕೆ ಬಲಿಯದ ಮರಿಗಳಿದ್ದವು. ಸಮಾಧಾನ ಹೇಳಲು ಬಂದ ನಂಜುಂಡಪ್ಪನವರನ್ನೂ ನನ್ನನ್ನೂ ಜನ ಕಚೇರಿಯೊಳಗೇ ಕೂಡಿ ಬೀಗ ಹಾಕಿದರು. ಒಪ್ಪುವವರೆಗೆ ತೆಗೆಯುವುದಿಲ್ಲವೆಂದರು.

ಕರೆಂಟಿರಲಿಲ್ಲ. ಕಿಟಕಿಯ ತುಂಬ ಮುಖಗಳು, ಗಾಳಿಗೂ ಜಾಗವಿಲ್ಲ. ಹೊರಗೆ ಕೊಡಲಿ ತಂದಿದ್ದರು. ಪೊಲೀಸರು ಬಂದರೆ ನಾವೇನೋ ಹೊರಬರುತ್ತೇವೆ, ಅದೇ ಸಿಟ್ಟಿಗೆ ಮರ ಉರುಳುತ್ತದೆ. ಅಷ್ಟರಲ್ಲಿ ಇನ್‌ಸ್ಪೆಕ್ಟರೇ ಫೋನ್ ಮಾಡಿದರು.

“ಏನೂ ಇಲ್ಲ ಕಣಪ್ಪ, ಸಭೇಲಿವ್ನಿ” ಎಂದುಬಿಟ್ಟರು ನಂಜುಂಡಪ್ಪನವರು.

ಕಿಟಕಿಯಲ್ಲಿ ನಗೆ ಎದ್ದಿತು. “ಬೀಗ ಜಡ್ದಿದ್ರೂವೆ ಸಭೆಯಂತೆ ಕಣ್ರವ್ವಾ!” ಎಂದಳು ಮರದ ಬುಡದ ಮನೆಯ ಸಿದ್ದಮ್ಮ. ಮರುಕ್ಷಣವೇ ದನಿ ಗಡುಸಾಯಿತು. “ನಗಾಡ್ಬುಟ್ರೆ ಆಯ್ತಾ ಸಾ? ಮಗೀಗೆ ಕುಡ್ಸೋ ನೀರ್ಗೂ ಇಕ್ಕೆ ಬೀಳ್ತದೆ. ಕೊಕ್ಕರೆಗಿರೋ ಮರ್ವಾದಿ ನಮ್ಗಿಲ್ವಾ?”

ನಂಜುಂಡಪ್ಪನವರು ಎದ್ದು ಕಿಟಕಿಯ ಬಳಿಗೆ ಹೋದರು. “ನೀ ಹೇಳದು ದಿಟ ಕಣವ್ವ. ಅಂಗಳಕ್ಕೆ ಶೀಟು, ತೊಟ್ಟಿಗೆ ಮುಚ್ಚಳ ನಾನ್ ಹಾಕುಸ್ತೀನಿ. ಮರಿ ಹಾರ್ಲಿ, ಆಮೇಕೆ ನಿನ್ ಸೂರಿನ್ ಮೇಲಿರೋ ಕೊಂಬೆ ಕಡುಸ್ಬುಡು” ಎಂದರು.

“ಮರಿ ಹಾರೋಗಂಟ ಮಾತ್ರವೆ” ಎನ್ನುತ್ತ ಸಿದ್ದಮ್ಮ ಪಕ್ಕದವನ ಕೈಯಿಂದ ಕೀಲಿ ಕಿತ್ತುಕೊಂಡು ಬಾಗಿಲು ತೆಗೆದಳು.

ಶೀಟು ಬಂತು, ಮರಿ ಹಾರಿದವು. ಕೊಂಬೆ ಕಡಿಯುವ ದಿನ ನಂಜುಂಡಪ್ಪನವರೇ ಬಂದು, ಕಡಿದು ಮುಗಿಯುವವರೆಗೂ ನಿಂತಿದ್ದರು. ಮರ ಉಳಿಯಿತು. ಪಕ್ಷ ಮತ್ತೆ ಅವರಿಗೆ ಟಿಕೆಟ್ ಕೊಡಲಿಲ್ಲ.

ಅವರನ್ನು ಮಣ್ಣು ಮಾಡಿದ ದಿನ ಸಿದ್ದಮ್ಮ ನನ್ನ ಪಕ್ಕಕ್ಕೆ ಬಂದಳು. “ರಸ್ತೆ ಅಗಲ ಮಾಡಕೆ ಮರ ಕಡೀತಾರಂತೆ, ನಂಬ್ರ ಬರ್ದವ್ರೆ ಸಾ. ಗೂಡಲ್ಲಿ ಮರಿ ಅವೆ. ಈಗ ಯಾರ್ನ ಕೂಡಾಕದು?”

ಜನ ಒಬ್ಬರನ್ನು ಕೂಡಿಹಾಕುವುದು, ಅವರು ಕೇಳಿಸಿಕೊಂಡಾರೆಂಬ ಆಸೆ ಉಳಿದಿರುವಾಗ ಮಾತ್ರ. ನೌಕರಿ ನನಗೆ ಕಲಿಸಿದ್ದು ಇಷ್ಟೇ. ಅವಳಿಗೆ ಹೇಳಲು ನನಗೊಂದು ಹೆಸರೂ ಹೊಳೆಯಲಿಲ್ಲ.