ಚೆಂಡು ಯಾರ ಕೈಯಲ್ಲಿತ್ತು?

ಕನ್ನಡಕ ಒರೆಸಿದ್ದು ಮೊದಲೋ, ಸೀಟಿ ಊದಿದ್ದು ಮೊದಲೋ? ಹೋದ ವಾರದ ಘಟನೆಯೇ. ಆದರೂ ಹೇಳಹೊರಟಾಗಲೆಲ್ಲ ಕ್ರಮ ಬದಲಾಗುತ್ತಿದೆ. ಸೀಟಿಯೇ ಮೊದಲು ಎಂದಿಟ್ಟುಕೊಳ್ಳೋಣ. (ನನ್ನ ಮಾನ ಸ್ವಲ್ಪವಾದರೂ ಉಳಿಯುವುದು ಹಾಗಿದ್ದರೆ ಮಾತ್ರ.)

ಶಿಕಾರಿಪುರದ ಕಾಲೇಜೊಂದರ ಅಂಗಳ. ಹುಡುಗಿಯರ ಬ್ಯಾಸ್ಕೆಟ್‌ಬಾಲ್. ಎದುರಾಳಿ ಸೊರಬ. ಗೆದ್ದವರು ಶಿವಮೊಗ್ಗಕ್ಕೆ, ಜಿಲ್ಲಾ ಪಂದ್ಯಕ್ಕೆ. ಬರಬೇಕಿದ್ದ ರೆಫರಿ ಬರಲಿಲ್ಲ. ಶಿಕಾರಿಪುರದ ಹುಡುಗಿಯರನ್ನು ತಯಾರು ಮಾಡಿದ ಪಿ.ಟಿ. ಮೇಡಂ ಸುಮಿತ್ರಾ ಅವರೇ ಸೀಟಿ ಹಿಡಿದರು. ಸೊರಬದವರೂ ಒಪ್ಪಿದರು. ಶಿವಮೊಗ್ಗಕ್ಕೆಂದು ತಮ್ಮ ತಂಡಕ್ಕೆ ಹೊಸ ಜೆರ್ಸಿ ಹೊಲಿಸಿಟ್ಟಿದ್ದವರು ಈ ಮೇಡಂ. ಸ್ಟಾಪ್‌ವಾಚ್ ನನ್ನ ಕೈಗೆ ಬಂತು. ಅರ್ಹತೆ? ವಾಲಿಬಾಲ್ ಆಡಿಸಿದ್ದೇನೆ, ಅಷ್ಟೇ.

ಸಮಯ ಮುಗಿಯುವಾಗ ಅಂಕ ಸಮ. ಅದೇ ಗಳಿಗೆಯಲ್ಲಿ ಫೌಲ್. ಸೊರಬದ ಕಾವ್ಯಾಗೆ ಎರಡು ಫ್ರೀ ಥ್ರೋ. ಮೊದಲನೆಯದು ರಿಂಗಿಗೆ ಬಡಿದು ಹೊರಗೆ. ಎರಡನೆಯದು ಬಿದ್ದರೆ ಸೊರಬ ಗೆದ್ದಂತೆ.

ಉಳಿದವರನ್ನು ಹಿಂದೆ ಸರಿಸಲು ಮೇಡಂ ಸೀಟಿ ಊದಿದರು. ನಾನು ವಾಚ್ ಒತ್ತಿದೆ. ಕಾವ್ಯಾ ಜೆರ್ಸಿಯ ಅಂಚಿನಿಂದ ಕನ್ನಡಕ ಒರೆಸುತ್ತಿದ್ದಳು. ನೋಡಲು ಬಂದವರೆಲ್ಲ ಜೋರಾಗಿ ಎಣಿಸತೊಡಗಿದರು. ನಮ್ಮದು ವಾಲಿಬಾಲಿನ ಸೀಮೆ. ಅಲ್ಲಿ ಸರ್ವಿಸ್ ಸೀಟಿ ಊದಿದರೆ ಲೆಕ್ಕ ಶುರು.

"ಮೇಡಂ, ಐದ್ ಸೆಕೆಂಡ್ ಆತ್ರೀ," ನಾನು ಕೂಗಿದೆ.

ಅವರು ತಿರುಗಿದರು. "ಚೆಂಡೆಲ್ಲೈತ್ರೀ ಸರ್?"

"ನಿಮ್ ಕೈಯಾಗೈತಿ."

"ಮತ್ತೆ ಆಕಿಗ್ಯಾಕ್ ಎಣಸ್ತೀರಿ? ನಂಗೆ ಎಣಸ್ರಿ."

ಜನ ನಕ್ಕರು. ಪೆಚ್ಚಾಗಿ ವಾಚನ್ನೇ ನೋಡುತ್ತ ಕುಳಿತೆ. ಸೊನ್ನೆ ಮಾಡಬೇಕೆಂದೂ ಹೊಳೆಯಲಿಲ್ಲ.

ನಿಯಮ ಸರಳ. ರೆಫರಿ ಚೆಂಡು ಕೊಟ್ಟ ಮೇಲೆಯೇ ಐದು ಸೆಕೆಂಡ್. ಕೊಡುವ ಮೊದಲಿನ ತಡ ಎಸೆಯುವವಳ ತಲೆಗಲ್ಲ. ಪ್ರಶ್ನೆಪತ್ರಿಕೆ ತಡವಾಗಿ ಹಂಚಿ, ಉತ್ತರಪತ್ರಿಕೆಯನ್ನು ಗಂಟೆ ಹೊಡೆದೊಡನೆ ಕಿತ್ತುಕೊಳ್ಳುವವರನ್ನು ನೀವು ನೋಡಿಲ್ಲವೇ? (ಮೇಷ್ಟ್ರಾಗಿದ್ದಾಗ ನಾನೇ ಮಾಡಿದ್ದೇನೆ.) ಕೈಗೆ ಏನೂ ಕೊಡದೆ ಲೆಕ್ಕ ಹಿಡಿಯುವುದು ನಮಗೆಷ್ಟು ಸಲೀಸು!

ಹಾಗೆಂದು ಮೇಡಂ ಮೆತ್ತಗಿನವರಲ್ಲ. "ಕನ್ನಡಕ ಆತೇನವ್ವ? ಚೆಂಡ್ ಕೊಟ್ ಮ್ಯಾಲೆ ನಾ ಕಾಯಂಗಿಲ್ಲ," ಎಂದರು.

"ಆಯ್ತು ಮಿಸ್."

ಚೆಂಡು ಕೊಟ್ಟರು. ಕೈ ಬೀಸಿ ಎಣಿಸತೊಡಗಿದರು. ಕಾವ್ಯಾ ಚೆಂಡನ್ನು ನೆಲಕ್ಕೆ ತಟ್ಟಿದಳು, ಮತ್ತೆ ತಟ್ಟಿದಳು, ಮತ್ತೂ ತಟ್ಟಿದಳು. ಎಸೆದಳು. ಬಿತ್ತು.

ಶಿಕಾರಿಪುರದ ಕ್ಯಾಪ್ಟನ್ ಓಡಿಬಂದಳು. "ಮಿಸ್, ಐದು ದಾಟೇತಿ."

"ನಾ ಎಣಿಸಿದ್ದು ನಾಕು."

"ನಮ್ ಮಿಸ್ಸಾಗಿ ನೀವೇ ಹಿಂಗಂದ್ರೆ?"

"ಸೀಟಿ ಬಾಯಾಗಿದ್ದಾಗ ನಾ ಯಾರ್ ಮಿಸ್ಸೂ ಅಲ್ಲ."

ಆ ಮಾತು ಹೇಳುವಾಗ ಅವರು ತಮ್ಮ ಹುಡುಗಿಯರತ್ತ ನೋಡಲಿಲ್ಲ. ಹಾಗೆಂದು ನನ್ನ ನೆನಪು.

ಆಮೇಲೆ ಎಲ್ಲರೂ ನನ್ನತ್ತ ನೋಡಿದರು. ನನ್ನ ವಾಚು ಸೀಟಿಯಿಂದ ಲೆಕ್ಕ ಹಿಡಿದು ಹತ್ತೊಂಬತ್ತು ತೋರಿಸುತ್ತಿತ್ತು. ಮೇಡಂ ಕೈಯಿಂದ ಕಾವ್ಯಾಳ ಕೈಗೆ ಚೆಂಡು ಹೋದದ್ದನ್ನು ನಾನು ನೋಡಿರಲೇ ಇಲ್ಲ. ಕಣ್ಣು ವಾಚಿನ ಮೇಲಿತ್ತು. ನಾಲ್ಕೋ ಐದೋ, ನನಗೆ ಇವತ್ತಿಗೂ ಗೊತ್ತಿಲ್ಲ.