ಹೊಳೆದಂಡೆಯಲ್ಲಿ ಕನ್ನಡ ಬಾರದವರು

ನಾನು ದಾವಣಗೆರೆಗೆ ಬಂದು ವರ್ಷಗಳಾದರೂ ವಿನೋಬನಗರದ ನಮ್ಮ ಓಣಿಯ ಅಂಗಡಿಯವನು ಈಗಲೂ ನನ್ನ ಜೊತೆ ಕೈಸನ್ನೆಯಲ್ಲೇ ವ್ಯವಹಾರ ಮಾಡುತ್ತಾನೆ. "ಅರ್ಧ ಕೇಜಿ ಅವಲಕ್ಕಿ ಕೊಡ್ರಿ" ಎಂದು ನಾನು ಸ್ಪಷ್ಟವಾಗಿ ಹೇಳಿದರೂ ಬೆರಳು ಮಡಿಚಿ ತೋರಿಸಿ "ಹಾಫ್?" ಎನ್ನುತ್ತಾನೆ. ನಾನು ಹುಟ್ಟಿದ್ದು ಯಲ್ಲಾಪುರದ ಕಡೆ, ಸಿದ್ದಿಗಳ ಮನೆಯಲ್ಲಿ. ನಮ್ಮ ಹಿರಿಯರನ್ನು ಯಾವ ಕಾಲದಲ್ಲೋ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದರಂತೆ. ನನಗೆ ಅಲ್ಲಿಂದ ಬಂದದ್ದು ಬಣ್ಣ ಮತ್ತು ಕೂದಲು. ಉಳಿದದ್ದೆಲ್ಲ ಇಲ್ಲಿಯದೇ. ಆದರೆ ಊರಂಚಿನ ಕರೂರಿನ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತರೂ, ಬಸ್ಸಿನಲ್ಲಿ ಕೂತರೂ, ಜನ ಕೇಳುವುದು ಒಂದೇ ಪ್ರಶ್ನೆ: ಯಾವ ದೇಶ?

ಆ ಪ್ರಶ್ನೆ ಕೇಳದೆ ನನ್ನ ಪಕ್ಕ ಬಂದು ಕೂತವಳು ಒಬ್ಬ ನರ್ಸ್. ಅವಳೂ ಸಿದ್ದಿ, ಹಳಿಯಾಳದ ಕಡೆಯವಳು, ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ಹರಿಹರದ ಬಸ್ಸು ಇಳಿಯುವಷ್ಟರಲ್ಲಿ ಇಬ್ಬರೂ ಇನ್ನೊಂದು ವಿಷಯವನ್ನೂ ಹೇಳಿಕೊಂಡಿದ್ದೆವು. ಅವಳು ಒಬ್ಬ ಹುಡುಗಿಯ ಜೊತೆ ಸಂಸಾರ ಮಾಡಿದ್ದಳು, ಆ ಹುಡುಗಿಗೆ ಮನೆಯವರು ಮದುವೆ ಮಾಡುವವರೆಗೆ. ನನಗೆ ಹೆಣ್ಣು ನೋಡುವುದು ಬೇಡವೆಂದು ನಾನು ಊರು ಬಿಟ್ಟಿದ್ದೆ. ಚಿಕ್ಕಂದಿನಲ್ಲಿ ಹಳ್ಳದಲ್ಲಿ ಮೀನು ಹಿಡಿದು ಬೆಳೆದವರು ನಾವಿಬ್ಬರೂ. ಹಾಗಾಗಿ ಭಾನುವಾರ ತುಂಗಭದ್ರೆಯ ಮರಳಿಗೆ ಗಾಳ ತೆಗೆದುಕೊಂಡು ಹೋಗತೊಡಗಿದೆವು.

ಅಲ್ಲೇ ಅಕ್ಕ ಸಿಕ್ಕಳು. ಮಲೆಬೆನ್ನೂರಿನ ಹತ್ತಿರದ ಹಳ್ಳಿಯಲ್ಲಿ ಗಂಡಾಗಿ ಹುಟ್ಟಿ, ಸೀರೆ ಉಟ್ಟ ದಿನವೇ ಮನೆಯಿಂದ ಹೊರಬಿದ್ದವಳು. ನಮಗಿಂತ ಒಂದು ಕೈ ಕಪ್ಪು ಎಂದು ತಾನೇ ಹೇಳಿಕೊಳ್ಳುತ್ತಿದ್ದಳು. ಬರುಬರುತ್ತಾ ಇನ್ನೂ ಕೆಲವರು ಸೇರಿದರು. ಮರಳಿನ ಮೇಲೆ ಯಾರೂ ಯಾರನ್ನೂ ನೀನ್ಯಾರು ಎಂದು ಕೇಳುವಂತಿರಲಿಲ್ಲ. ಅಕ್ಕ ಎಲ್ಲರನ್ನೂ "ಲೇ" ಎಂದೇ ಕರೆಯುತ್ತಿದ್ದಳು. "ಲೇ, ಹುಳ ಹಿಡಿ", "ಲೇ ಕುಂದ್ರು, ಚಾ ಐತೆ." ನಮ್ಮಲ್ಲಿ ಕೆಲವರನ್ನು ಹಾಗೆ ಸಲುಗೆಯಿಂದ ಕರೆಯುವವರು ಬೇರೆ ಯಾರೂ ಇರಲಿಲ್ಲ.

ಆಮೇಲೆ ಒಬ್ಬ ಹುಡುಗನನ್ನು ಅಲ್ಲಿಗೆ ಕರೆತಂದವನು ನಾನು. ದಾವಣಗೆರೆಯ ಹಳೆಯ ಬಟ್ಟೆ ವ್ಯಾಪಾರದ ಮನೆಯವನು, ಬೆಳ್ಳಗಿದ್ದ, ಮೆತ್ತಗೆ ಮಾತಾಡುತ್ತಿದ್ದ. ಮೊಟ್ಟೆಯೂ ಹೊಸ್ತಿಲು ದಾಟದ ಮನೆ ಅವನದು. ಹುಳವನ್ನು ಗಾಳಕ್ಕೆ ಸಿಕ್ಕಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹೊರಡುವ ಮುಂಚೆ ಜೇಬಿನಿಂದ ನಿಂಬೆಹಣ್ಣು ತೆಗೆದು ಮೊಣಕೈವರೆಗೂ ತಿಕ್ಕಿಕೊಳ್ಳುತ್ತಿದ್ದ, ವಾಸನೆ ಮನೆಗೆ ಹೋಗಬಾರದೆಂದು. ಅಕ್ಕ ಅವನನ್ನು "ಲೇ ಬಿಳಿಯಾ" ಎನ್ನುತ್ತಿದ್ದಳು. ಮೊದಲ ಗೆಂಡೆಮೀನು ಸಿಕ್ಕಾಗ ನನ್ನ ಕೈ ಹಿಡಿದವನು ಬಹಳ ಹೊತ್ತು ಬಿಡಲಿಲ್ಲ. ಆ ಬೇಸಿಗೆಯಲ್ಲಿ ನಾನು ಭಾನುವಾರಗಳಿಗಾಗಿಯೇ ಬದುಕಿದ್ದೆ.

ಒಂದು ಬೆಳಿಗ್ಗೆ ದಂಡೆಯ ಮೇಲೆ ಕಾರು ನಿಂತಿತು. ಅವನ ಚಿಕ್ಕಪ್ಪ ಮತ್ತು ಇಬ್ಬರು ದಾಯಾದಿ ಅಣ್ಣಂದಿರು ಹರಿಹರದ ದೇವಸ್ಥಾನಕ್ಕೆ ಬಂದವರು, ಅವನ ಬೈಕಿನ ಗುರುತು ಹಿಡಿದು ಇಳಿದು ಬಂದಿದ್ದರು. ಅವನು ನನ್ನ ಪಕ್ಕದಲ್ಲಿ ಕೂತಿದ್ದ. ಅವರನ್ನು ಕಂಡವನೇ ಗಾಳದ ಕೋಲನ್ನು ನನ್ನ ಮಡಿಲಿಗೆ ಎಸೆದು ಎದ್ದ.

"ಏನಲೇ ಇಲ್ಲಿ?" ಎಂದರು ಚಿಕ್ಕಪ್ಪ.

"ಏನಿಲ್ಲ ಕಾಕಾ, ಬೈಕ್ ತೊಳಿಯಾಕ ಬಂದಿದ್ದೆ. ಇವ್ರು ಮೀನು ಹಿಡೀತಿದ್ರು, ನೋಡ್ತಾ ಕುಂತೆ."

"ಯಾರಿವ್ರು?"

"ಯಾರಿಗ್ಗೊತ್ತು. ಆಫ್ರಿಕಾದೋರು ಅನ್ಸುತ್ತೆ. ಕನ್ನಡ ಬರಲ್ಲ ಇವ್ರಿಗೆ."

ನಾನು ಬಾಯಿ ತೆರೆದಿದ್ದರೆ ಅವನು ಅಲ್ಲೇ ಸಿಕ್ಕಿಬೀಳುತ್ತಿದ್ದ. ನರ್ಸ್ ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ, ಅವಳೂ ಸುಮ್ಮನಾದಳು. ಕನ್ನಡ ಬಾರದವರ ಮುಂದೆ ಕನ್ನಡದಲ್ಲಿ ಏನು ಬೇಕಾದರೂ ಆಡಬಹುದಲ್ಲ, ಅಣ್ಣಂದಿರು ಆಡಿದರು. "ಕತ್ತಲಾಗೆ ಎದುರು ಬಂದ್ರೆ ಬರೀ ಹಲ್ಲು ಕಾಣ್ತಾವ ನೋಡು." "ಇದು ಹೆಣ್ಣೋ ಗಂಡೋ? ಮುಟ್ಟಿ ನೋಡ್ಬೇಕು." ನರ್ಸ್ ನೀರು ನೋಡುತ್ತಾ ಕೂತಿದ್ದಳು. ಪ್ರತಿ ಮಾತಿಗೂ ಮೊದಲು ನಕ್ಕವನು ಅವನೇ.

ಅಕ್ಕನ ಸೀರೆ, ಕುಂಕುಮ ಕಂಡು ಚಿಕ್ಕಪ್ಪ ಕೇಳಿದರು, "ನೀನು ಈ ಕಡೆಯೋಳಲ್ಲ? ಇವ್ರನ್ನ ಎಲ್ಲಿಂದ ಹಿಡ್ಕಂಡು ಬಂದಿ?"

ಅಕ್ಕ ಅವನನ್ನೊಮ್ಮೆ ನೋಡಿದಳು. ಅವನು ಕಣ್ಣು ತಪ್ಪಿಸಿದ. "ಹೊಳಿಯಾಗೆ ಸಿಕ್ರು ರೀ" ಎಂದಳು.

ದೊಡ್ಡಣ್ಣ ನನ್ನ ಕೂದಲಿಗೆ ಕೈ ಹಾಕಿ ಹಿಡಿದುಕೊಂಡು, ಫೋನನ್ನು ಅವನ ಕೈಗೆ ಕೊಟ್ಟ. "ಒಂದು ಫೋಟೋ ಹೊಡಿ. ನಗು ಅಂತ ಹೇಳು ಇವಂಗೆ."

ಹಿಂದಿನ ಭಾನುವಾರ ಅದೇ ಕೂದಲಲ್ಲಿ ಬೆರಳಾಡಿಸಿದ್ದವನು ಫೋನ್ ಎತ್ತಿ ನನಗೆ "ಸ್ಮೈಲ್" ಎಂದ. ನಾನು ನಕ್ಕೆ.

ಚಿಕ್ಕಪ್ಪನಿಗೆ ಆಮೇಲೆ ಬಕೆಟ್ಟಿನಲ್ಲಿದ್ದ ಮೀನುಗಳ ಮೇಲೆ ಕರುಣೆ ಬಂತು. "ಪಾಪದ ಜೀವ. ನೀರಿಗೆ ಬಿಡು ಅವನ್ನ" ಎಂದರು. ಅವನು ಬಕೆಟ್ ಎತ್ತಿ ನಮ್ಮ ಬೆಳಗಿನ ಮೀನನ್ನೆಲ್ಲ ಹೊಳೆಗೆ ಸುರಿದ. ಆಗಲೇ ಸತ್ತಿದ್ದ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಚಿಕ್ಕಪ್ಪ ಕೈ ಮುಗಿದರು. ಎಲ್ಲರೂ ಹೊರಟುಹೋದರು, ಅವನ ಬೈಕು ಕಾರಿನ ಹಿಂದೆ.

ಫೋಟೋ ವಾರದೊಳಗೆ ನಮ್ಮ ಕಾರ್ಖಾನೆಗೂ ಬಂತು. ಯಾರೋ ಅದಕ್ಕೆ ಬಾಳೆಹಣ್ಣಿನ ಗೊನೆ ಅಂಟಿಸಿ "ಗುಡ್ ಮಾರ್ನಿಂಗ್" ಎಂದು ಬರೆದಿದ್ದರು. ಸೂಪರ್‌ವೈಸರ್ ನನ್ನನ್ನು ಕರೆದು ತೋರಿಸಿದ. "ನೀನೇನಪ್ಪ ಇದು? ಚೆನ್ನಾಗಿ ಬಂದೀಯ ಬಿಡು" ಎಂದ. ಬೈಯಲು ಕರೆದಿರಬೇಕು ಎಂದುಕೊಂಡಿದ್ದೆ. ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು.

ಮುಂದಿನ ಭಾನುವಾರ ಅವನು ಬಂದ. ಎಲ್ಲರಿಗೂ ಬೆಣ್ಣೆ ಬಿಸ್ಕತ್ತು ತಂದಿದ್ದ. ಬರುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ.

ಅಕ್ಕ ತಲೆ ಎತ್ತಿ ಹೇಳಿದಳು, "ಬರ್ರಿ. ಕೂಡ್ರಿ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. "ಅಕ್ಕಾ, ಹಂಗ್ಯಾಕ ಅಂತಿ?"

"ಏನಂದೆ ರೀ? ಮರ್ಯಾದಿ ಕೊಟ್ಟೆ. ಚಾ ಕುಡೀತೀರಾ?"

ಬೇರೆ ಎಲ್ಲರೂ ಅವಳ ದಾರಿಯನ್ನೇ ಹಿಡಿದರು. ಬೈಗುಳವಿಲ್ಲ, ಜಗಳವಿಲ್ಲ. ಬಿಸ್ಕತ್ತು ತಗೊಂಡು "ಥ್ಯಾಂಕ್ಸ್ ರೀ" ಎಂದರು. ಅವನು ನನ್ನ ಹತ್ತಿರ ಬಂದು ಕೂತು ದನಿ ತಗ್ಗಿಸಿ, "ಆವತ್ತು ಗೊತ್ತಾಗಿದ್ರೆ ನನ್ನ ಕೊಂದೇ ಬಿಡ್ತಿದ್ರು ಕಣೋ. ನೀನಾದ್ರೂ ಮಾತಾಡು" ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಅಂಥ ಮನೆಯೇ ಅದು. ನಾನು ಅವನತ್ತ ತಿರುಗಿ, "ನೋ ಕನ್ನಡ" ಎಂದೆ.

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಮರಳು ನಕ್ಕಿತು. ಅವನೂ ನಗಲು ನೋಡಿದ. ಆ ಪ್ರಯತ್ನ ನನಗೆ ಹಿತವಾಗಿತ್ತು.

ಅವನು ಬರುವುದು ಬಿಡಲಿಲ್ಲ. ಹೋಗಲು ಬೇರೆ ಜಾಗ ಅವನಿಗೆ ಇರಲಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಪ್ರತಿ ವಾರ "ಬರ್ರಿ, ಕೂಡ್ರಿ", ಪ್ರತಿ ವಾರ ಚಾ. ಅವನು ಸ್ವಲ್ಪ ದೂರದಲ್ಲಿ ಒಬ್ಬನೇ ಗಾಳ ಹಾಕಿ ಕೂರುತ್ತಿದ್ದ. ಹುಳ ಸಿಕ್ಕಿಸುವಾಗ ಈಗ ಕಣ್ಣು ಮುಚ್ಚುತ್ತಿರಲಿಲ್ಲ. ಒಮ್ಮೆ ಎದ್ದು ಬಂದು ಅಕ್ಕನನ್ನು ಕೇಳಿದ, "ಇನ್ನೂ ಎಷ್ಟು ದಿನ ಹಿಂಗೆ?"

"ನಾವೇನು ಬರಬ್ಯಾಡ ಅಂದ್ವೇನ್ರಿ? ಹೊಳಿ ಎಲ್ಲಾರ್ದೂ ಐತೆ" ಎಂದಳು ಅಕ್ಕ.

ಮಳೆಗಾಲ ಶುರುವಾಗಿ ಮಲೆನಾಡಿನ ನೀರು ಇಳಿಯತೊಡಗಿದಾಗ ಹೊಳೆ ಕೆಂಪಾಯಿತು. ಮರಳು ಮುಳುಗುವ ಮುಂಚಿನ ಕೊನೆಯ ಭಾನುವಾರ ಅದು. ಅವನ ಗಾಳಕ್ಕೆ ದೊಡ್ಡದೊಂದು ಮೀನು ಬಿತ್ತು. ಅಷ್ಟು ದೊಡ್ಡದು ನಮ್ಮಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಕೋಲು ಬಿಲ್ಲಿನಂತೆ ಬಾಗಿ ಮುರಿಯಿತು. ಅವನು ದಾರವನ್ನು ಅಂಗೈಗೆ ಸುತ್ತಿಕೊಂಡು ಮೊಣಕಾಲುದ್ದದ ನೀರಿಗೆ ಇಳಿದ. "ಯಾರಾದ್ರೂ ಬರ್ರೋ, ಹಿಡ್ಕೊಳ್ರೋ" ಎಂದು ಕೂಗಿದ. ನನ್ನ ಹೆಸರನ್ನೂ ಕೂಗಿದ. ನಾವು ನಮ್ಮ ನಮ್ಮ ಗಾಳದ ಬೆಂಡು ತೇಲುವುದನ್ನು ನೋಡುತ್ತಾ ಕೂತಿದ್ದೆವು.

ದಾರ ಅಂಗೈಯನ್ನು ಅಡ್ಡಕ್ಕೆ ಸೀಳಿ ತುಂಡಾಯಿತು. ಅವನು ಮರಳಿಗೆ ಬಂದು ನರ್ಸ್ ಮುಂದೆ ಕೈ ಚಾಚಿ ನಿಂತ. ರಕ್ತ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಅವಳು ಕೂತಲ್ಲಿಂದಲೇ ಗಾಯ ನೋಡಿದಳು.

"ಆಳವಾಗಿದೆ. ಹೊಲಿಗೆ ಬೇಕು. ಆಸ್ಪತ್ರೆಗೆ ಹೋಗ್ರಿ" ಎಂದಳು. ಅವಳ ಚೀಲದಲ್ಲಿ ಹತ್ತಿ, ಬ್ಯಾಂಡೇಜು ಯಾವತ್ತೂ ಇರುತ್ತಿದ್ದವು.

ಅವನು ಕರ್ಚೀಫನ್ನು ಹಲ್ಲಿನಲ್ಲಿ ಕಚ್ಚಿ ಕಟ್ಟಿಕೊಂಡು, ಒಂದೇ ಕೈಯಲ್ಲಿ ಬೈಕನ್ನು ದಂಡೆಗೆ ತಳ್ಳಿಕೊಂಡು ಹೋದ. ಮತ್ತೆ ಬರಲಿಲ್ಲ. ಆ ಚಳಿಗಾಲದಲ್ಲಿ ಅವನ ಮದುವೆಯಾಯಿತೆಂದು ಕೇಳಿದೆ.

ಆ ಕೊನೆಯ ಭಾನುವಾರ ನಮಗೆ ಮೀನು ಚೆನ್ನಾಗಿ ಬಿದ್ದವು. ಅಕ್ಕ ಮೂರು ಕಲ್ಲಿಟ್ಟು ಒಲೆ ಹೂಡಿ ಖಾರ ಹಚ್ಚಿ ಸುಟ್ಟಳು. ನಾವು ಬೆರಳು ಚೀಪಿಕೊಂಡು ತಿಂದೆವು.