ಹಿತಕಿದ ಬೇಳೆಯ ಸರದಿ

ನನ್ನ ಗಂಡ ಊರಿಗಾಂ ಹತ್ತಿರದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿದ್ದಾರೆ. ನಟ್ಟು, ಬೋಲ್ಟು, ಗ್ರೀಸ್ ಡಬ್ಬಗಳನ್ನು ಕಾಯುವುದು ಅವರ ಕೆಲಸ. ಮೊದಲು ಬಂದ ಮಾಲು ಮೊದಲು ಹೊರಗೆ ಹೋಗಬೇಕೆಂಬುದು ಅಲ್ಲಿನ ನಿಯಮ. ಗ್ರೀಸಿಗೆ ಅದು ಸರಿಯೇ. ಆದರೆ ದೊಡ್ಡ ಫ್ರಿಡ್ಜು ಬಂದ ದಿನ ಈ ಮಹಾನುಭಾವರು ಆ ನಿಯಮವನ್ನು ನನ್ನ ಅಡುಗೆಮನೆಗೂ ಹೊತ್ತು ತಂದರು.

ಡಬ್ಬಕ್ಕೊಂದು ಚೀಟಿ, ಚೀಟಿಯ ಮೇಲೆ ತಾರೀಕು. ಹಳೆಯದು ಮುಂದೆ, ಹೊಸದು ಹಿಂದೆ. ಸೋಮವಾರದ ಸಾರು ಮುಗಿಯದೆ ಮಂಗಳವಾರದ್ದನ್ನು ಮುಟ್ಟುವಂತಿಲ್ಲ. ಹಾಗಾಗಿ ನಾನು ದಿನಾ ಹೊಸದಾಗಿ ಸಾರು ಮಾಡುತ್ತಿದ್ದೆ, ಇಬ್ಬರೂ ದಿನಾ ಮೊನ್ನೆಯದನ್ನು ಉಣ್ಣುತ್ತಿದ್ದೆವು. ಎರಡು ದಿನ ಒಲೆ ಹಚ್ಚದಿದ್ದರೆ ಎಲ್ಲ ಸರಿಹೋಗುತ್ತದೆ ಎಂದೆ. "ಸ್ಟಾಕ್ ಖಾಲಿ ಇರಬಾರದು" ಎಂದರು. ಸಾಲದ್ದಕ್ಕೆ, ನಮ್ಮ ಮನೆಯಲ್ಲಿ ಒಂದು ಅಗುಳೂ ದಂಡವಾಗುವುದಿಲ್ಲವೆಂದು ಪಕ್ಕದ ಮನೆಯವರ ಮುಂದೆ ಜಂಬ ಕೊಚ್ಚಿಕೊಳ್ಳುವುದು ಬೇರೆ. ಹೇಗೆ ಆದೀತು? ಹಳಸುವ ಹೊತ್ತಿಗೆ ಸರಿಯಾಗಿ ನಮ್ಮ ಹೊಟ್ಟೆಗೆ ಸುರಿಯುತ್ತಿದ್ದೆವಲ್ಲ!

ಕಳೆದ ಅವರೆಕಾಯಿ ಕಾಲದಲ್ಲಿ, ಕೂಲಿ ಕೆಲಸಕ್ಕೆ ಒಂದು ದಿನ ಚಕ್ಕರ್ ಹಾಕಿ, ಬಂಗಾರಪೇಟೆ ಕಡೆಯ ನಮ್ಮ ಹಳ್ಳಿಯಿಂದ ಅಮ್ಮ ಬಂದಳು. ಹಿಂದಿನ ಸಂಜೆಯೆಲ್ಲ ಕೂತು, ನೆನೆಸಿದ ಕಾಳನ್ನು ಒಂದೊಂದೇ ಹಿತಕಿ, ಸಿಪ್ಪೆ ತೆಗೆದು ತಂದಿದ್ದಳು. ಅವಳ ಹೆಬ್ಬೆರಳು ಇನ್ನೂ ಸುಕ್ಕಾಗಿತ್ತು.

"ಮದ್ವೆ ಆದ್ಮೇಲೆ ನನ್ ಕೈಯಿಂದ ನೀನು ಇದ್ನ ಉಂಡೇ ಇಲ್ಲ ಕಣೇ. ಬಿಸಿ ಮುದ್ದೆ ಜತೆ ನೀನು ತಿನ್ನೋದು ನೋಡ್ಕೊಂಡೇ ಓಯ್ತೀನಿ" ಎಂದಳು.

ಮನೆಯೆಲ್ಲ ಘಮಘಮ ಎನ್ನುವಂತೆ ಸಾರು ಮಾಡಿದಳು. ಮಧ್ಯಾಹ್ನ ಊಟಕ್ಕೆ ಬಂದ ಗಂಡ ಸಾರು ತಣಿಯುವವರೆಗೆ ಕಾದು, ಅದನ್ನು ಡಬ್ಬಕ್ಕೆ ಬಗ್ಗಿಸಿ, ಚೀಟಿ ಅಂಟಿಸಿ, ಫ್ರಿಡ್ಜಿನ ಹಿಂಬದಿಗೆ ತಳ್ಳಿದರು. ಮುಂದಿದ್ದ ಸೋಮವಾರದ ಬೇಳೆಸಾರನ್ನು ಹೊರತೆಗೆದರು.

"ಅತ್ತೆ, ನಿಮ್ಮದರ ಸರದಿ ಶುಕ್ರವಾರ ಬರುತ್ತೆ."

ತಮಾಷೆ ಇರಬೇಕೆಂದು ಅಮ್ಮ ನಕ್ಕಳು. ತಟ್ಟೆಗೆ ಬೇಳೆಸಾರು ಬಿದ್ದಾಗ ನಗು ನಿಂತಿತು. ನನಗೆ ಮೈಯೆಲ್ಲ ಉರಿಯಿತು. ಆದರೂ ಮುದ್ದೆ ಮುರಿದು ಅದರಲ್ಲೇ ಅದ್ದಿದೆ. ಮೂವರೂ ತಲೆ ತಗ್ಗಿಸಿ ಉಂಡೆವು.

ಸಂಜೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಕಡೆಯಿಂದ ಬರುವ ರೈಲಿಗೆ ಕಾಯುತ್ತ ಅಮ್ಮ, "ಇಲ್ದೋರು ತಂಗ್ಳು ತಿನ್ನೋದು ನೋಡಿವ್ನಿ. ಇಟ್ಕೊಂಡು ತಿನ್ನೋರ್ನ ಇವತ್ತೇ ನೋಡಿದ್ದು" ಎಂದಳು. ನಾನು ಜೋರಾಗಿ ನಕ್ಕೆ. ಗಂಡನನ್ನು ಆಡಿಕೊಳ್ಳಲು ನನಗೊಬ್ಬಳು ಜೊತೆ ಸಿಕ್ಕಳು ಎಂದುಕೊಂಡೆ.

ಶುಕ್ರವಾರ ಸರದಿ ಬಂತು. ಸಾರು ಕೆಟ್ಟಿರಲಿಲ್ಲ. ಗಂಡ ಎರಡು ಸಲ ಹಾಕಿಸಿಕೊಂಡರು. ಅಮ್ಮ ಫೋನ್ ಮಾಡಿ ಚೆನ್ನಾಗಿತ್ತಾ ಎಂದು ಕೇಳಿದಳು. ಚೆನ್ನಾಗಿತ್ತು ಎಂದು ಹೇಳಿ, ಇವರ ಚೀಟಿ ಪುರಾಣ ಶುರು ಮಾಡಿದೆ. ಅವಳು ಪೂರ್ತಿ ಕೇಳಲಿಲ್ಲ.

"ಅವ್ರದ್ದು ಬಿಡು, ಅವ್ರು ಇರೋದೇ ಅಂಗೆ. ನಾನಿದ್ದಾಗ ನೀನು ಒಂದ್ ತುತ್ತು ತಿನ್ಬೋದಿತ್ತಲ್ಲೇ?"

ಫ್ರಿಡ್ಜಿಗೆ ಬೀಗವೇನೂ ಇರಲಿಲ್ಲ.